ಊರಿನ ಡಾಕ್ಟರಿಗೂ ಒಂದು ಪ್ರತಿ ಕಳಿಸಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಯಲ್ಲಿ ನಾಲ್ಕೈದು ದಿನ ಇದ್ದು ಮನೆಗೆ ಬಂದ ಹೃದ್ರೋಗಿಯ ಔಷಧದ ಡಬ್ಬಿಯನ್ನು ಒಮ್ಮೆ ತೆರೆದು ನೋಡಬೇಕು. ಆಸ್ಪತ್ರೆಯವರು ಹೊಸದಾಗಿ ಬರೆದ ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಒಂದು ಕವರಿನಲ್ಲಿರುತ್ತವೆ. ಊರಿನ ಡಾಕ್ಟರು ವರ್ಷಗಳಿಂದ ಬಿಪಿಗೆಂದು ಕೊಡುತ್ತಿದ್ದ ಟೆಲ್ಮಿಸಾರ್ಟನ್ ಅದರ ಪಕ್ಕದಲ್ಲೇ ಇರುತ್ತದೆ. ಆಸ್ಪತ್ರೆಯಲ್ಲಿ ಟೆಲ್ಮಿಸಾರ್ಟನ್ ನಿಲ್ಲಿಸಿಯೇ ರಾಮಿಪ್ರಿಲ್ ಶುರು ಮಾಡಿರುತ್ತಾರೆ, ಆದರೆ ನಿಲ್ಲಿಸಿದ ವಿಷಯ ಚೀಟಿಯಲ್ಲಿ ಎಲ್ಲೂ ಇರುವುದಿಲ್ಲ. ರೋಗಿ ಮೂರನ್ನೂ ನುಂಗುತ್ತಾರೆ. ಮೂರೂ ರಕ್ತದಲ್ಲಿ ಪೊಟ್ಯಾಶಿಯಂ ಏರಿಸುವ ಔಷಧಗಳೇ. ಮೂತ್ರಪಿಂಡ ಮೊದಲೇ ಸ್ವಲ್ಪ ಸೋತಿದ್ದರೆ ಕೆಲವೇ ದಿನಗಳಲ್ಲಿ ಪೊಟ್ಯಾಶಿಯಂ 6 ದಾಟಬಹುದು, ಅಲ್ಲಿಂದಾಚೆ ಹೃದಯದ ಬಡಿತವೇ ಲಯ ತಪ್ಪಬಹುದು. ಆಸ್ಪತ್ರೆಯ ಚೀಟಿ ಅದರಷ್ಟಕ್ಕೆ ಸರಿ, ಕ್ಲಿನಿಕ್ಕಿನ ಚೀಟಿಯೂ ಅದರಷ್ಟಕ್ಕೆ ಸರಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ.

ರೋಗಿಯ ಮಾಹಿತಿ ಹಂಚಿಕೆ ಎಂದಾಗಲೆಲ್ಲ ಆ್ಯಪ್, ಕ್ಯುಆರ್ ಕೋಡ್, ಸರ್ವರ್‌ಗಳ ಮಾತೇ ಮುಂದಾಗುತ್ತದೆ. ಅವು ಬೇಕು. ಆದರೆ ಕುಟುಂಬ ವೈದ್ಯರು ಮತ್ತು ಆಸ್ಪತ್ರೆಯ ನಡುವೆ ನಿಜವಾಗಿ ಓಡಾಡಬೇಕಾದ ಮಾಹಿತಿ ಒಂದು ಪುಟದ್ದು. ಆ ಪುಟದಲ್ಲಿ ಏನಿರಬೇಕು, ಯಾವಾಗ ತಲುಪಬೇಕು, ಏಕೆ ತಲುಪುತ್ತಿಲ್ಲ ಎಂಬುದನ್ನು ಕ್ಲಿನಿಕ್ ನಡೆಸುವವರ ಕಡೆಯಿಂದ ಬಿಡಿಸಿ ಹೇಳಲು ಈ ಪತ್ರ.

ಮೊದಲು ಡಿಸ್ಚಾರ್ಜ್ ಸಮರಿ, ಅಂದರೆ ರೋಗಿಯನ್ನು ಮನೆಗೆ ಕಳಿಸುವಾಗ ಆಸ್ಪತ್ರೆ ಬರೆದುಕೊಡುವ ಚಿಕಿತ್ಸೆಯ ಸಾರಾಂಶ. ಬೆಳಗಿನ ರೌಂಡ್ಸ್‌ನಲ್ಲಿ 'ಇವತ್ತು ಮನೆಗೆ ಹೋಗಬಹುದು' ಎಂದು ಹಿರಿಯ ವೈದ್ಯರು ಹೇಳಿ ಹೋದ ಮೇಲೆ ಅದನ್ನು ಬರೆಯುವುದು ಸಾಮಾನ್ಯವಾಗಿ ಡ್ಯೂಟಿ ಡಾಕ್ಟರು. ಬಿಲ್ಲಿಂಗ್ ಕೌಂಟರಿನಿಂದ ಫೋನ್, ವಿಮೆಯವರ ಅನುಮತಿಗೆ ಅವಸರ, ಮಂಚ ಖಾಲಿಯಾಗಲಿ ಎಂದು ಕಾಯುತ್ತಿರುವ ಇನ್ನೊಬ್ಬ ರೋಗಿ. ಈ ಒತ್ತಡದಲ್ಲಿ ದಾಖಲಾದ ದಿನದ ಟಿಪ್ಪಣಿಯನ್ನೇ ಕಾಪಿ ಮಾಡಿ ಅಂಟಿಸಲಾಗುತ್ತದೆ. ಮೂರು ಪುಟ ರಕ್ತಪರೀಕ್ಷೆಯ ಅಂಕಿಗಳು, ಅರ್ಧ ಪುಟ 'ಆಸ್ಪತ್ರೆಯಲ್ಲಿ ನಡೆದ ಚಿಕಿತ್ಸೆ', ಕೊನೆಯಲ್ಲಿ ಹತ್ತು ಸಾಲು ಮಾತ್ರೆಗಳು, ಅದೂ ಬ್ರಾಂಡ್ ಹೆಸರಿನಲ್ಲಿ. ಬಿಪಿಯ ಮಾತ್ರೆ ಅಮ್ಲೋಡಿಪಿನ್ ಒಂದು ಬ್ರಾಂಡಿನಲ್ಲಿ ಒಂಟಿಯಾಗಿ, ಇನ್ನೊಂದು ಬ್ರಾಂಡಿನಲ್ಲಿ ಬೇರೆ ಬಿಪಿ ಔಷಧದ ಜೊತೆ ಸೇರಿಕೊಂಡು ಎರಡು ಸಲ ಹೋಗುವುದು ಹೀಗೇ. ಅದರಿಂದ ಕಾಲು ಊದಿಕೊಂಡಿತೆಂದು ರೋಗಿ ಬಂದಾಗ ಮೂರನೆಯದಾಗಿ ನೀರಿನ ಮಾತ್ರೆಯೂ ಸೇರುತ್ತದೆ.

ಊರಿನ ವೈದ್ಯರಿಗೆ ಆ ಮೂರು ಪುಟ ಅಂಕಿಗಳು ಬೇಡ. ಬೇಕಾದದ್ದು ಇಷ್ಟು. ಅಂತಿಮವಾಗಿ ಏನು ಕಾಯಿಲೆ ಎಂದು ತೀರ್ಮಾನವಾಯಿತು. ಔಷಧಗಳಲ್ಲಿ ಹೊಸದು ಯಾವುದು, ಪ್ರಮಾಣ ಬದಲಾದದ್ದು ಯಾವುದು, ನಿಲ್ಲಿಸಿದ್ದು ಯಾವುದು, ನಿಲ್ಲಿಸಲು ಕಾರಣವೇನು. ಎಲ್ಲವೂ ಮೂಲ ಔಷಧದ ಹೆಸರಿನಲ್ಲಿ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಂಬುದರೊಂದಿಗೆ. ಮನೆಗೆ ಹೋದ ದಿನದ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವ ರಕ್ತದ ಅಂಕಿ), ಪೊಟ್ಯಾಶಿಯಂ, ಹಿಮೋಗ್ಲೋಬಿನ್, ಬಿಪಿ ಮತ್ತು ತೂಕ. ಮುಂದೆ ಯಾವ ಪರೀಕ್ಷೆ, ಯಾವ ದಿನ, ಯಾರು ಮಾಡಿಸಬೇಕು. 'ಎರಡು ವಾರ ಬಿಟ್ಟು ಓಪಿಡಿಗೆ ಬನ್ನಿ' ಎಂದರೆ ಸಾಲದು. 'ಒಂದು ವಾರದಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ ಊರಿನಲ್ಲೇ ಮಾಡಿಸಿ, ಪೊಟ್ಯಾಶಿಯಂ 5.5 ದಾಟಿದ್ದರೆ ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿ, ನಮಗೆ ಫೋನ್ ಮಾಡಿ' ಎಂದು ಬರೆದರೆ ಕ್ಲಿನಿಕ್ಕಿನಲ್ಲಿ ಕೂತವರಿಗೆ ಕೆಲಸ ಮಾಡಲು ಬರುತ್ತದೆ. ಫೋನ್ ಮಾಡಿ ಎಂದ ಮೇಲೆ ನಂಬರ್ ಕೂಡ ಇರಬೇಕು. ಸ್ವಾಗತ ಕೌಂಟರಿನದ್ದಲ್ಲ, ಆ ವಿಭಾಗದ್ದು.

ಕೆಲವು ಸಂಗತಿಗಳು ಒಂದು ಸಾಲಿನವು, ಆದರೆ ಬಿಟ್ಟುಹೋದರೆ ಜೀವಕ್ಕೇ ಕುತ್ತು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದವರಲ್ಲಿ, ಹೆಪ್ಪುಗಟ್ಟದಿರಲಿ ಎಂದು ಆಸ್ಪಿರಿನ್ ಜೊತೆಗೆ ಕೊಡುವ ಎರಡನೇ ಮಾತ್ರೆಯನ್ನು ಯಾವ ತಿಂಗಳವರೆಗೆ ನಿಲ್ಲಿಸಲೇಬಾರದು ಎಂಬ ದಿನಾಂಕ. ಹಲ್ಲು ಕೀಳಿಸಲು ಹೋದಾಗ ರಕ್ತಸ್ರಾವದ ಭಯಕ್ಕೆ ಅದನ್ನು ನಿಲ್ಲಿಸಿ, ಸ್ಟೆಂಟ್ ಕಟ್ಟಿಕೊಂಡು ಹೃದಯಾಘಾತವಾಗುವುದುಂಟು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಅಂಕಿ) ಎಷ್ಟರಿಂದ ಎಷ್ಟರೊಳಗಿರಬೇಕು, ಕೊನೆಯ ಸಲ ಎಷ್ಟಿತ್ತು. ಇದು ಗೊತ್ತಿಲ್ಲದೆ ಭೇದಿಗೆಂದು ಮೆಟ್ರೊನಿಡಜೋಲ್ ಕೊಟ್ಟರೆ ಐಎನ್‌ಆರ್ ಏರುತ್ತದೆ, ಮಂಡಿ ನೋವಿಗೆಂದು ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್. ಎಂಆರ್‌ಐ ಮಾಡಬಹುದೇ ಬಾರದೇ ಎಂಬುದು ಅದನ್ನು ನೋಡಿಯೇ ತೀರ್ಮಾನವಾಗುತ್ತದೆ. ಆಸ್ಪತ್ರೆಯಲ್ಲಿ ಯಾವುದಾದರೂ ಔಷಧಕ್ಕೆ ಅಲರ್ಜಿಯಾಗಿದ್ದರೆ ಔಷಧದ ಹೆಸರು ಮತ್ತು ಏನಾಯಿತು ಎಂಬ ವಿವರ. ಬರೀ 'ಡ್ರಗ್ ಅಲರ್ಜಿ' ಎಂದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು ಬಿಡುಗಡೆಯ ದಿನ ಇನ್ನೂ ಬಂದಿರದ ರಿಪೋರ್ಟ್‌ಗಳು. ಮೂತ್ರ, ರಕ್ತದಲ್ಲಿರುವ ಸೋಂಕಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ತೆಗೆದ ಗಡ್ಡೆಯನ್ನು, ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಿಸ್ಟೋಪೆಥಾಲಜಿಗೆ ವಾರವೇ ಹಿಡಿಯಬಹುದು. ಕಲ್ಲಿದೆ ಎಂದು ಪಿತ್ತಕೋಶ ತೆಗೆಸಿಕೊಂಡವರು ಮೂರನೇ ದಿನಕ್ಕೆ ಮನೆ ಸೇರಿರುತ್ತಾರೆ. ಹೊಲಿಗೆ ಬಿಚ್ಚುವುದು ಊರಿನಲ್ಲೇ, ಮತ್ತೆ ದೊಡ್ಡಾಸ್ಪತ್ರೆಗೆ ಹೋಗುವ ಅಗತ್ಯ ಅವರಿಗೆ ಕಾಣುವುದಿಲ್ಲ. ಅಷ್ಟರಲ್ಲಿ ಬಂದ ವರದಿಯಲ್ಲಿ ಕ್ಯಾನ್ಸರ್ ಎಂದಿದ್ದರೆ? ಪಿತ್ತಕೋಶದ ಕ್ಯಾನ್ಸರ್ ಹೀಗೆ ಅನಿರೀಕ್ಷಿತವಾಗಿ ಪತ್ತೆಯಾಗುವುದುಂಟು, ಬೇಗ ಗೊತ್ತಾದರೆ ಮಾತ್ರ ಚಿಕಿತ್ಸೆಗೆ ದಾರಿ ಇರುತ್ತದೆ. ಆ ಕಾಗದ ಫೈಲಿಗೆ ಸೇರಿ, ಫೈಲ್ ರೆಕಾರ್ಡ್ ರೂಮಿಗೆ ಸೇರಿದರೆ ಕಥೆ ಮುಗಿಯಿತು. ಆದ್ದರಿಂದ 'ಇನ್ನೂ ಬರಬೇಕಾದ ವರದಿಗಳು' ಎಂಬ ಪ್ರತ್ಯೇಕ ಸಾಲು ಪ್ರತಿ ಸಮರಿಯಲ್ಲೂ ಇರಬೇಕು. ಆ ವರದಿ ಬಂದ ದಿನ ರೋಗಿಗೂ ಊರಿನ ವೈದ್ಯರಿಗೂ ತಿಳಿಸುವ ಹೊಣೆ ಇಂಥವರದ್ದೇ ಎಂದು ಆಸ್ಪತ್ರೆ ಹೆಸರು ಹಿಡಿದು ಗೊತ್ತುಮಾಡಬೇಕು.

ಇಷ್ಟು ಹೇಳಿದ ಮೇಲೆ ಕ್ಲಿನಿಕ್ ಕಡೆಯ ಲೋಪವನ್ನೂ ಹೇಳಲೇಬೇಕು. ಲೆಟರ್‌ಹೆಡ್ ಮೇಲೆ 'ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ' ಎಂದು ಒಂದೇ ಸಾಲು ಬರೆದು ಸಹಿ ಹಾಕಿದರೆ ರಾತ್ರಿ ಹನ್ನೊಂದಕ್ಕೆ ತುರ್ತು ವಿಭಾಗದಲ್ಲಿರುವ ಕಿರಿಯ ವೈದ್ಯರಿಗೆ ಅದರಿಂದ ಏನು ಸಿಗುತ್ತದೆ? ಎದೆನೋವಿನ ರೋಗಿಗೆ ಆಸ್ಪಿರಿನ್ 325, ಕ್ಲೋಪಿಡೋಗ್ರೆಲ್ 300 ಮಿಲಿಗ್ರಾಂ ಕೊಟ್ಟು ಕಳಿಸಿದ್ದರೆ ಅದನ್ನೂ ಕೊಟ್ಟ ಗಂಟೆಯನ್ನೂ ಬರೆಯಬೇಕು, ಇಲ್ಲವಾದರೆ ಅಲ್ಲಿ ಮತ್ತೆ ಕೊಡುತ್ತಾರೆ. ರೋಗಿಯ ಹಳೆಯ ಇಸಿಜಿ ಇದ್ದರೆ ಅದರ ಪ್ರತಿ ಚಿನ್ನಕ್ಕಿಂತ ಮಿಗಿಲು. ಈಗ ಕಾಣುವ ಬದಲಾವಣೆ ಹೊಸದೋ, ಹತ್ತು ವರ್ಷದಿಂದ ಇರುವುದೋ ಎಂದು ಬೇರೆ ಯಾವ ಯಂತ್ರವೂ ಹೇಳಲಾರದು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ಹಾಗಾಗಿ 'ಬೆಳಿಗ್ಗೆಯಿಂದ ಕೈ ಬಿದ್ದಿದೆ' ಎನ್ನುವುದಕ್ಕಿಂತ, ರೋಗಿ ಕೊನೆಯ ಸಲ ಚೆನ್ನಾಗಿದ್ದದ್ದನ್ನು ಮನೆಯವರು ನೋಡಿದ ಗಂಟೆಯನ್ನೇ ಬರೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನೂ. ಜ್ವರದ ರೋಗಿಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಅದರ ಹೆಸರು, ಎಷ್ಟು ಡೋಸ್ ಆಯಿತು ಎಂಬುದು ಬೇಕು. 'ಯಾವುದೋ ಇಂಜೆಕ್ಷನ್ ಕೊಟ್ರು ಸಾರ್' ಎಂಬ ಮಾತಿನ ಮೇಲೆ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದುದಕ್ಕೆ ಅರ್ಥ ಹಚ್ಚಲಾಗುವುದಿಲ್ಲ.

ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸುವಾಗಲಂತೂ ಈ ಬರಹವೇ ಚಿಕಿತ್ಸೆಯ ಅರ್ಧ ಭಾಗ. ಕಚ್ಚಿದ ಸಮಯ, ಎಷ್ಟು ವಯಲ್ (ಸೀಸೆ) ಪ್ರತಿವಿಷ ಯಾವ ಗಂಟೆಗೆ ಹೋಯಿತು, ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು ನೋಡಿದಾಗ ಹೆಪ್ಪುಗಟ್ಟಿತೋ ಇಲ್ಲವೋ, ಆ ಪರೀಕ್ಷೆ ಮಾಡಿದ್ದು ಎಷ್ಟು ಗಂಟೆಗೆ. ಇವಿಷ್ಟು ಇದ್ದರೆ ಮುಂದಿನ ಡೋಸ್ ಬೇಕೋ ಬೇಡವೋ ಎಂದು ಜಿಲ್ಲಾ ಆಸ್ಪತ್ರೆಯವರು ಬೇಗ ನಿರ್ಧರಿಸುತ್ತಾರೆ. ಇಲ್ಲದಿದ್ದರೆ ಮೊದಲಿನಿಂದ ಶುರು.

ಈಗ ಡಿಜಿಟಲ್ ವ್ಯವಸ್ಥೆಯ ಮಾತು. ಕೇಂದ್ರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾಯಿತು. ಅದರ 14 ಅಂಕಿಯ 'ಆಭಾ' ಸಂಖ್ಯೆ ಈಗ ಬಹಳ ಜನರ ಬಳಿ ಇದೆ. ಆದರೆ ಅದನ್ನು 5 ಲಕ್ಷ ರೂಪಾಯಿ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಎಂದೇ ತಿಳಿದವರು ಹೆಚ್ಚು. ಆಭಾ ಹಣ ಕೊಡುವ ಕಾರ್ಡ್ ಅಲ್ಲ, ದಾಖಲೆಗಳನ್ನು ಒಬ್ಬ ವ್ಯಕ್ತಿಗೆ ಜೋಡಿಸುವ ಸಂಖ್ಯೆ. ದಾಖಲೆಗಳು ದಿಲ್ಲಿಯ ಯಾವುದೋ ಒಂದು ಕಂಪ್ಯೂಟರಿಗೆ ಹೋಗಿ ಬೀಳುವುದೂ ಇಲ್ಲ. ಮಾಡಿದ ಆಸ್ಪತ್ರೆಯಲ್ಲಿ, ಲ್ಯಾಬ್‌ನಲ್ಲಿ ಅವು ಹಾಗೇ ಇರುತ್ತವೆ, ರೋಗಿ ಒಪ್ಪಿದಾಗ ಮಾತ್ರ ಕೇಳಿದವರಿಗೆ ಹೋಗುತ್ತವೆ. ವಿನ್ಯಾಸ ಒಳ್ಳೆಯದೇ. ಎಡವುವುದು ಬಳಕೆಯಲ್ಲಿ.

ಸರಕಾರಿ ಆಸ್ಪತ್ರೆಯ ಓಪಿಡಿ ಕೌಂಟರಿನಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆದವರು ತಮ್ಮ ದಾಖಲೆಯೆಲ್ಲ ಆಭಾಕ್ಕೆ ಸೇರಿತು ಎಂದುಕೊಳ್ಳುತ್ತಾರೆ. ಆ ಸ್ಕ್ಯಾನ್‌ನಿಂದ ಹೋಗುವುದು ಹೆಸರು, ವಯಸ್ಸು, ವಿಳಾಸ, ಫೋನ್‌ನಂಥ ಗುರುತಿನ ವಿವರ ಮಾತ್ರ. ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ, ಅಷ್ಟೇ. ದಾಖಲೆ ಜೋಡಣೆಯಾಗಬೇಕಾದರೆ ಆಸ್ಪತ್ರೆಯ ಸಾಫ್ಟ್‌ವೇರ್ ಆ ಭೇಟಿಯನ್ನು ಆಭಾ ಸಂಖ್ಯೆಗೆ ಲಿಂಕ್ ಮಾಡಬೇಕು, ವೈದ್ಯರು ಸಮರಿಯನ್ನು ಅಂತಿಮಗೊಳಿಸಬೇಕು. ಡ್ರಾಫ್ಟ್‌ನಲ್ಲೇ ಬಿಟ್ಟು ಪ್ರಿಂಟ್ ತೆಗೆದು ಕೊಟ್ಟರೆ ಮುಂದಕ್ಕೆ ಏನೂ ಹೋಗುವುದಿಲ್ಲ. ಹೆಸರಿನ ಗೊಂದಲ ಇನ್ನೊಂದು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಆಸ್ಪತ್ರೆಯಲ್ಲಿ ಮುಂದೆ. ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ, ಆಸ್ಪತ್ರೆಯಲ್ಲಿ ಅಂದಾಜು ವಯಸ್ಸು. ತಾಳೆಯಾಗದಿದ್ದರೆ ಕೌಂಟರಿನವರು ಹೊಸ ನೋಂದಣಿ ಮಾಡಿಬಿಡುತ್ತಾರೆ, ಒಬ್ಬರೇ ರೋಗಿ ಇಬ್ಬರಾಗುತ್ತಾರೆ.

ಕ್ಲಿನಿಕ್ಕಿನಿಂದ ದಾಖಲೆ ಕೇಳುವ ಕ್ರಮ ಹೀಗಿದೆ. ಕ್ಲಿನಿಕ್ ಮತ್ತು ವೈದ್ಯರು ಮಿಷನ್ನಿನಲ್ಲಿ ನೋಂದಾಯಿಸಿರಬೇಕು, ಅದಕ್ಕೆ ಹೊಂದುವ ಸಾಫ್ಟ್‌ವೇರ್ ಇರಬೇಕು. ರೋಗಿಯ ಆಭಾ ವಿಳಾಸ (ಇಮೇಲ್ ವಿಳಾಸದಂಥ ಗುರುತು) ಹಾಕಿ, ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಎಷ್ಟು ದಿನ ನೋಡಲು ಅನುಮತಿ ಬೇಕು ಎಂದು ಕೋರಿಕೆ ಕಳಿಸಬೇಕು. ರೋಗಿಯ ಫೋನಿಗೆ ಅದು ಹೋಗುತ್ತದೆ, ಅವರು ಒಪ್ಪಿದರೆ ದಾಖಲೆ ತೆರೆದುಕೊಳ್ಳುತ್ತದೆ. ಎಪ್ಪತ್ತರ ಅಜ್ಜಿ ಬಂದಾಗ ಈ ಕ್ರಮ ಇಲ್ಲೇ ನಿಲ್ಲುತ್ತದೆ, ಏಕೆಂದರೆ ಆ ಫೋನ್ ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿರುತ್ತದೆ. ಇದಕ್ಕೊಂದು ಸರಳ ಪರಿಹಾರವಿದೆ. ಬಿಡುಗಡೆಯ ದಿನ ಮಗ ಆಸ್ಪತ್ರೆಯಲ್ಲೇ ಇರುತ್ತಾರೆ. ಕುಟುಂಬ ವೈದ್ಯರು ಆ ದಿನವೇ ಕೋರಿಕೆ ಕಳಿಸಿ, ಡಿಸ್ಚಾರ್ಜ್ ಕೌಂಟರಿನವರು ಎರಡು ನಿಮಿಷ ಜೊತೆಗಿದ್ದು ಅಜ್ಜಿಯನ್ನು ಕೇಳಿ ದೀರ್ಘ ಅವಧಿಯ ಒಪ್ಪಿಗೆ ಕೊಡಿಸಿದರೆ ಮುಂದಿನ ಭೇಟಿಗಳಿಗೆ ತೊಂದರೆಯಿಲ್ಲ. ಬೇಡವೆನಿಸಿದ ದಿನ ಒಪ್ಪಿಗೆ ಹಿಂಪಡೆಯಲೂ ಅವಕಾಶವಿದೆ.

ಸಿಕ್ಕ ದಾಖಲೆ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿದ್ದರೆ ಕಣ್ಣಿನಿಂದ ಓದಬಹುದು, ಸಾಫ್ಟ್‌ವೇರ್‌ಗೆ ಅದು ಬರೀ ಚಿತ್ರ. ಔಷಧ, ಪ್ರಮಾಣ, ಪರೀಕ್ಷೆಯ ಅಂಕಿ ಪ್ರತ್ಯೇಕ ಅಂಕಣಗಳಲ್ಲಿ ಬಂದಾಗ ಮಾತ್ರ 'ಈ ಎರಡು ಔಷಧ ಒಟ್ಟಿಗೆ ಬೇಡ' ಎಂದು ಅದು ಎಚ್ಚರಿಸಬಲ್ಲದು, ಒಂದು ವರ್ಷದಲ್ಲಿ ಕ್ರಿಯಾಟಿನಿನ್ 1.1ರಿಂದ 1.9ಕ್ಕೆ ಏರಿದ್ದನ್ನು ಸಾಲಾಗಿ ತೋರಿಸಬಲ್ಲದು. ಕನಿಷ್ಠ ಔಷಧಗಳ ಪಟ್ಟಿಯನ್ನಾದರೂ ಹೀಗೆ ಕಳಿಸಿ ಎಂಬುದು ಆಸ್ಪತ್ರೆಗಳಿಗೆ ನಮ್ಮ ಒತ್ತಾಯ. ಉಳಿದದ್ದು ಪಿಡಿಎಫ್ ಆಗಿದ್ದರೂ ನಡೆಯುತ್ತದೆ. ಒಬ್ಬರೇ ನಡೆಸುವ ಸಣ್ಣ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರಿನ ಖರ್ಚು, ಟೈಪ್ ಮಾಡುವ ಸಮಯ ಎರಡೂ ಹೊರೆಯೇ. ಕೇಂದ್ರದ ಪ್ರೋತ್ಸಾಹಧನ ಇರುವುದು ಗೊತ್ತುಪಡಿಸಿದ ಸಂಖ್ಯೆ ದಾಟಿದ ದಾಖಲೆಗಳಿಗೆ, ದಿನಕ್ಕೆ ಬೆರಳೆಣಿಕೆಯ ರೋಗಿಗಳನ್ನು ನೋಡುವವರಿಗೆ ಅದು ಎಟುಕುವುದು ಕಷ್ಟ.

ಅಲ್ಲಿಯವರೆಗೆ ವಾಟ್ಸ್ಆ್ಯಪ್ ನಡೆಯುತ್ತಿದೆ, ನಿಷೇಧಿಸಿದರೂ ನಿಲ್ಲುವುದಿಲ್ಲ. ಹಾಗಾದರೆ ಸರಿಯಾಗಿಯಾದರೂ ಬಳಸೋಣ. ಫೋಟೊ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಮಾತ್ರೆಗಳಿರುವ ಕೊನೆಯ ಪುಟವೇ ತಪ್ಪಿಹೋಗುತ್ತದೆ. ಎಲ್ಲ ಪುಟ ಸೇರಿಸಿ ಡಾಕ್ಯುಮೆಂಟ್ ಆಗಿ ಕಳಿಸಬೇಕು. ವೈದ್ಯರ ಗುಂಪುಗಳಲ್ಲಿ ರೋಗಿಯ ಹೆಸರಿರುವ ಕಾಗದ ಹಾಕಲೇಬಾರದು. ಇನ್ನು ಕಾಗದದ ಪ್ರತಿ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾದಾಗ ಅಷ್ಟು ದೊಡ್ಡ ಸಂಸ್ಥೆ ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯಿತು. ಪ್ರಜ್ಞೆ ತಪ್ಪಿದ ರೋಗಿ ಫೋನಿನಲ್ಲಿ ಒಪ್ಪಿಗೆ ಕೊಡಲೂ ಆಗದು. ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್, ಸ್ಟೆಂಟ್, ಡಯಾಲಿಸಿಸ್, ಇವುಗಳಲ್ಲಿ ಯಾವುದಿದೆ ಎಂದು ಬರೆದ ಚಿಕ್ಕ ಚೀಟಿ ಪರ್ಸಿನಲ್ಲಿ ಇರಲೇಬೇಕು. ವಿಮೆಯ ಹಣ ವಾಪಸು ಪಡೆಯಲು ಮೂಲ ಸಮರಿಯನ್ನೇ ಒಪ್ಪಿಸಿ ಬರಿಗೈಯಲ್ಲಿ ಉಳಿಯುವವರು ಬಹಳ. ಕೊಡುವ ಮೊದಲು ಎರಡು ಜೆರಾಕ್ಸ್ ಮಾಡಿಸಿಕೊಳ್ಳಿ. ಕಳೆದುಹೋಗಿದ್ದರೆ ಆಸ್ಪತ್ರೆಗೆ ಲಿಖಿತವಾಗಿ ಕೇಳಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯಲ್ಲೇ ಇದೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕೆಂದೂ ಅದು ಹೇಳುತ್ತದೆ.

ಗೋಪ್ಯತೆಯ ಆತಂಕ ನಿಜವಾದದ್ದು. ಅದನ್ನು ತಳ್ಳಿಹಾಕಿ ಈ ಕೆಲಸ ಮಾಡಬಾರದು. ಎಚ್‌ಐವಿ ಸೋಂಕಿನ ಮಾಹಿತಿಗೆ 2017ರ ಕಾಯ್ದೆಯ ರಕ್ಷಣೆಯಿದೆ, ಮಾನಸಿಕ ಚಿಕಿತ್ಸೆಯ ದಾಖಲೆಗೆ ಅದೇ ವರ್ಷದ ಮತ್ತೊಂದು ಕಾಯ್ದೆಯದ್ದು. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಗುರುತು ಬಯಲಾಗಬಾರದೆಂದು ಕಾನೂನೇ ಹೇಳುತ್ತದೆ. ಆದರೆ ಒಂದೇ ಫೋನಿರುವ ಮನೆಯಲ್ಲಿ ಆ ಮಹಿಳೆಯ ಆಭಾ ಒಟಿಪಿ ಬರುವುದು ಗಂಡನ ನಂಬರಿಗೆ. ಇಂಥಲ್ಲಿ ಒಪ್ಪಿಗೆ ಎಂಬುದು ಹೆಸರಿಗೆ ಮಾತ್ರ. ಆದ್ದರಿಂದ ಮಂಡಿ ನೋವಿಗೆ ಬಂದವರ ಹಳೆಯ ದಾಖಲೆಯೆಲ್ಲ ತೆರೆಯುವ ಕೋರಿಕೆ ಕಳಿಸಬಾರದು, ಬೇಕಾದ ಬಗೆ, ಬೇಕಾದ ಅವಧಿ ಮಾತ್ರ ಕೇಳಬೇಕು. ಕ್ಲಿನಿಕ್ಕಿನಲ್ಲಿ ಡಾಕ್ಟರಿಗೂ ಕೌಂಟರಿನ ಹುಡುಗನಿಗೂ ಒಂದೇ ಪಾಸ್‌ವರ್ಡ್, ಅದೂ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ, ಎಂಬ ಸ್ಥಿತಿ ಹೋಗಲೇಬೇಕು. ಯಾರು ಯಾವಾಗ ಯಾವ ದಾಖಲೆ ತೆರೆದರು ಎಂಬುದು ಗೊತ್ತಾಗಬೇಕಾದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸುರಕ್ಷತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಹೇಳಿದೆ. ದಂಡದ ಭಯಕ್ಕೆ ಹಂಚುವುದನ್ನೇ ನಿಲ್ಲಿಸಿದರೆ ನಷ್ಟವಾಗುವುದು ರೋಗಿಗೆ.

ನಮ್ಮಿಂದ ಆಗದ ಕೆಲಸವೇನಲ್ಲ ಇದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ಕೇಂದ್ರ ಆಸ್ಪತ್ರೆಗೆ ಹೋಗಿ, ತಜ್ಞರ ಅಭಿಪ್ರಾಯ ನಿಮಿಷಗಳಲ್ಲಿ ಮರಳಿ ಬಂದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡಲಾಗುತ್ತಿದೆ. ಕ್ಷಯ ಪತ್ತೆಯಾದರೆ ಖಾಸಗಿ ವೈದ್ಯರೂ ಸರಕಾರಕ್ಕೆ ತಿಳಿಸಬೇಕೆಂಬ ನಿಯಮ 2012ರಿಂದ ಇದೆ. ಹಾಗೆ ತಿಳಿಸಲು ಇರುವ ಸರಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಸಿಕ್ಕ ಸಂಖ್ಯೆ ರೋಗಿ ಊರು ಬದಲಿಸಿದರೂ ಜೊತೆಗೇ ಬರುತ್ತದೆ. ತಾಯಿ ಕಾರ್ಡ್ ಅಂತೂ ಬರೀ ಕಾಗದ. ಆದರೂ ಗರ್ಭಿಣಿಯ ಬಿಪಿ, ಹಿಮೋಗ್ಲೋಬಿನ್, ಚುಚ್ಚುಮದ್ದು, ಸ್ಕ್ಯಾನಿಂಗ್ ಎಲ್ಲವನ್ನೂ ಆಶಾ ಕಾರ್ಯಕರ್ತೆಯಿಂದ ಹಿಡಿದು ಹೆರಿಗೆ ವಾರ್ಡಿನ ವೈದ್ಯರವರೆಗೆ ಎಲ್ಲರೂ ಅದರಲ್ಲೇ ನೋಡುತ್ತಾರೆ. ಮೂರರಲ್ಲೂ ಯಾವ ಮಾಹಿತಿ, ಯಾರಿಗೆ, ಯಾವಾಗ ಎಂಬುದು ಮೊದಲೇ ಗೊತ್ತಾಗಿದೆ.

ಆದ್ದರಿಂದ ಎರಡು ಬೇಡಿಕೆ. ಮೊದಲನೆಯದು ಎಲ್ಲ ಆಸ್ಪತ್ರೆಗಳಿಗೆ: ಅಡ್ಮಿಷನ್ ಫಾರಂನಲ್ಲಿ ರೋಗಿಯ ಕುಟುಂಬ ವೈದ್ಯರ ಹೆಸರು ಮತ್ತು ಫೋನ್ ನಂಬರ್ ಕೇಳುವ ಒಂದು ಸಾಲು ಸೇರಿಸಿ, ಬೇಡವೆನ್ನುವವರಿಗೆ ಬೇಡ ಎನ್ನುವ ಅವಕಾಶವನ್ನೂ ಕೊಡಿ. ಆ ನಂಬರ್ ಇಲ್ಲದೆ ಸಮರಿ ಎಲ್ಲಿಗೆ ಕಳಿಸಬೇಕೆಂದೇ ಗೊತ್ತಾಗದು. ಎರಡನೆಯದು ಸರಕಾರಕ್ಕೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಯ ಹಣ ಪಡೆಯಲು ಆಸ್ಪತ್ರೆಗಳು ಡಿಸ್ಚಾರ್ಜ್ ಸಮರಿಯನ್ನು ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಅಪ್‌ಲೋಡ್ ಮಾಡಲೇಬೇಕು. ತುರ್ತು ಸಂದರ್ಭ ಬಿಟ್ಟರೆ, ರೆಫರಲ್ ಪಡೆದು ಹೋದ ರೋಗಿಯನ್ನು ಯಾವ ಸರಕಾರಿ ಆಸ್ಪತ್ರೆ ಕಳಿಸಿತು ಎಂಬುದೂ ಟ್ರಸ್ಟ್‌ನ ಬಳಿಯೇ ಇದೆ. ರೋಗಿಯ ಒಪ್ಪಿಗೆಯನ್ನು ದಾಖಲಾಗುವಾಗಲೇ ಪಡೆದು, ಅದೇ ಸಮರಿಯನ್ನು ರೆಫರಲ್ ಬರೆದ ಆಸ್ಪತ್ರೆಗೂ ರೋಗಿಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬಿಡುಗಡೆಯಾದ 48 ಗಂಟೆಯೊಳಗೆ ತಲುಪಿಸಲು ಟ್ರಸ್ಟ್ ವ್ಯವಸ್ಥೆ ಮಾಡಬೇಕು. ನಿಲ್ಲಿಸಿದ ಔಷಧಗಳು, ಇನ್ನೂ ಬರಬೇಕಾದ ವರದಿಗಳು ಎಂಬ ಎರಡು ಅಂಕಣ ಖಾಲಿ ಬಿಟ್ಟ ಕ್ಲೇಮನ್ನು ಭರ್ತಿ ಮಾಡಿಸಲು ವಾಪಸು ಕಳಿಸಬೇಕು. ಒಂದು ಜಿಲ್ಲೆಯಲ್ಲಿ ಆರು ತಿಂಗಳು ನಡೆಸಿ ನೋಡಿ, ಬಂದ ತೊಡಕುಗಳನ್ನು ಆರೋಗ್ಯ ಇಲಾಖೆ ಪ್ರಕಟಿಸಲಿ.

ಇಂತಿ,
ತಾಲ್ಲೂಕು ಕೇಂದ್ರವೊಂದರ ಕುಟುಂಬ ವೈದ್ಯರು